ಕಾಕಾನ ಸೀಟಿ, ತಂಗಿಯ ಕೌಂಟರ್

ನಮ್ಮ ಕಾಕಾ ಸ್ವರ್ಗಕ್ಕೆ ಹೋದರೂ ಬಾಗಿಲ ಮುಂದಿನ ಸಾಲಿನಲ್ಲೇ ನಿಂತು, ಪಾಳಿ ಯಾಕಿಷ್ಟು ನಿಧಾನ ಎಂದು ಜಗಳ ತೆಗೆಯುತ್ತಾರೆ. ಬೇಕಾದರೆ ಬರೆದು ಕೊಡುತ್ತೇನೆ! ಮಾನ್ವಿಯಲ್ಲಿ ಪಿ.ಟಿ. ಮಾಸ್ತರಾಗಿ ನಿವೃತ್ತರಾದವರು. ಶಾಲೆ ಬಿಟ್ಟರೂ ಕೊರಳಿನ ಸೀಟಿ, ಸ್ಟಾಪ್‌ವಾಚ್ ಅವರನ್ನು ಬಿಡಲಿಲ್ಲ. ದೇವದುರ್ಗದ ಮದುವೆಯೊಂದರಲ್ಲಿ ಹೋಳಿಗೆ ಬಡಿಸುವವನ ವೇಗ ಅಳೆಯಲು ಪಂಕ್ತಿಯುದ್ದಕ್ಕೂ ಅವನ ಹಿಂದೆ ಓಡಿದರು. ವೇಗವೇನೋ ಸಿಕ್ಕಿತು, ಹೋಳಿಗೆ ಸಿಗಲಿಲ್ಲ!

ಇಂಥವರ ಮಗಳಿಗೆ, ಅಂದರೆ ನನ್ನ ತಂಗಿಗೆ, ರಾಯಚೂರಿನ ಸೂಪರ್‌ ಮಾರ್ಕೆಟ್ಟಿನಲ್ಲಿ ಕ್ಯಾಶಿಯರ್ ಕೆಲಸ ಸಿಕ್ಕರೆ ಕೇಳಬೇಕೇ? ಅದೂ ಒಂದು ತಿಂಗಳ ಮಟ್ಟಿಗೆ. ಕೊನೆಗೊಂದು ದಿನ ಮ್ಯಾನೇಜರ್ ಗಡಿಯಾರ ಹಿಡಿದು ನಿಲ್ಲುತ್ತಾನಂತೆ. ಬಿಲ್ ತಡವಾದರೆ ಮನೆಯ ದಾರಿ!

ಅಂದಿನಿಂದ ಕಾಕಾನ ಮನೆಯೇ ಅಂಗಡಿ. ಮಂಚ ಕೌಂಟರ್, ಸೌಟು ಸ್ಕ್ಯಾನರ್, ನಾನು ಗಿರಾಕಿ. ಒಂದೇ ತೊಗರಿಬೇಳೆ ಪೊಟ್ಟಣವನ್ನು ಸಂಜೆಯೆಲ್ಲ ಕೊಂಡು ಕೊಂಡು ಸುಸ್ತಾದೆ.

"ಬ್ಯಾಳಿ ಕೊಡ್ತೀರೋ ಇಲ್ಲೋ? ಒಲಿ ಮ್ಯಾಲ ನೀರು ಕುದಿಯಾಕತ್ತದ!" ಎಂದು ಕಾಕಿ ಕೂಗಿದರು.

"ಪಾಳಿ ಹಚ್ಚು!" ಎಂದರು ಕಾಕಾ.

ತಂಗಿಯ ಕೈ ಬಲು ಚುರುಕು. ತೊಡಕಿದ್ದದ್ದು ಮಾತಿನಲ್ಲಿ. ಚಿಕ್ಕಂದಿನಿಂದ ಆಕೆಗೆ ಉಗ್ಗು. "ಚೀಲ ಬೇಕೇನ್ರಿ?" ಎಂದು ಎಲ್ಲರನ್ನೂ ಕೇಳಲೇಬೇಕೆಂದು ಅಂಗಡಿಯ ನಿಯಮ. ಕಾಕಾ ಸ್ಟಾಪ್‌ವಾಚ್ ಎತ್ತಿದರೆ ಸಾಕು, ಆ ಚೀಲ ಆಕೆಯ ಗಂಟಲಲ್ಲೇ ಉಳಿಯುತ್ತಿತ್ತು. ಪಾಪ!

ಪರೀಕ್ಷೆಯ ದಿನ ಕಾಕಾ ಉಪ್ಪಿನ ಪೊಟ್ಟಣ ಹಿಡಿದು ಆಕೆಯ ಕೌಂಟರಿನ ಪಾಳಿಯ ಕೊನೆಯಲ್ಲಿ ನಿಂತರು, ಜೊತೆಗೆ ನಾನು. ಮುಂದೆ ಸಾಮಾನುಗಳು ಪೀಂ ಪೀಂ ಎಂದು ಸರಸರನೆ ಸರಿಯುತ್ತಿದ್ದವು. ಆಗ ಬಂತು ದಪ್ಪ ಮೀಸೆಯ ಗಿರಾಕಿ!

"ಚೀ... ಚೀ... ಚೀ..." ಎಂದಳು ತಂಗಿ.

"ಏನವ್ವಾ, ರೊಕ್ಕ ಕೊಟ್ಟು ಒಯ್ಯಾಕ ಬಂದೀನಿ. ನನಗ ಛೀ ಅಂತೀಯೇನು?"

ಪಾಳಿ ಗೊಣಗಿತು. ಮ್ಯಾನೇಜರ್ ಗಡಿಯಾರ ನೋಡಿದ. ತಂಗಿಯ ಕಣ್ಣು ತುಂಬಿತು. ಮುಗೀತು ಕೆಲಸ ಎಂದುಕೊಂಡೆ.

ಪೀಽಽ! ಅಂಗಡಿ ನಡುಗುವಂತೆ ಸೀಟಿ!

"ಟೈಮೌಟ್! ಮ್ಯಾನೇಜರ್ ಸಾಹೇಬ್ರ, ಗಡಿಯಾರ ನಿಲ್ಲಸ್ರಿ! ಉಸಿರು ತಗೊಳ್ಳೋ ಹೊತ್ತು ಯಾವ ಆಟದಾಗೂ ಲೆಕ್ಕಕ್ಕಿಲ್ಲ!"

ಮ್ಯಾನೇಜರ್ ಹಿಮ್ಮಡಿ ಜೋಡಿಸಿ ಎದೆ ಸೆಟೆಸಿ ನಿಂತುಬಿಟ್ಟ. ಕಾಕಾನ ಹಳೆಯ ವಿದ್ಯಾರ್ಥಿ! ಸೀಟಿ ಕೇಳಿದರೆ ಕಾಲು ಮಾಲೀಕನ ಮಾತು ಕೇಳುತ್ತದೆಯೇ? ಪಾಳಿಯೆಲ್ಲ ನಕ್ಕಿತು. ತಂಗಿಯೂ ನಕ್ಕಳು.

"ನನಗ ತಿಳೀಲಿಲ್ಲವ್ವಾ. ಸಾವಕಾಶ ಕೇಳು," ಎಂದ ಮೀಸೆಯವ.

ಆಮೇಲೆ ಪಾಳಿ ನೀರಿನಂತೆ ಹರಿಯಿತು. ಎಡವಿದಲ್ಲಿ ಎಡವಿದಳು, ಯಾರೂ ಗೊಣಗಲಿಲ್ಲ. "ನಾಳಿಂದ ಕಾಯಂ ಬಾರವ್ವಾ," ಎಂದ ಮ್ಯಾನೇಜರ್. ಕಾಕಾ ಕೊರಳಿನ ಸೀಟಿ, ಸ್ಟಾಪ್‌ವಾಚ್ ತೆಗೆದು ಜೇಬಿಗೆ ಹಾಕಿದರು. ಅವರ ಬರಿಗೊರಳನ್ನು ನಾನು ಕಂಡದ್ದು ಅಂದೇ ಮೊದಲು.

ಕೊನೆಗೆ ಅವರ ಸರದಿ. ತಂಗಿ ಉಪ್ಪಿನ ಬಿಲ್ ಮಾಡಿ, ತಲೆ ಎತ್ತಿ, ಒಂದೇ ಉಸಿರಿಗೆ ಕೇಳಿದಳು: "ಚೀಲ ಬೇಕೇನ್ರಿ, ಯಪ್ಪಾ?"

ಬಾಯಿಗೆ ಬಿಡುವೇ ಕೊಡದ ನಮ್ಮ ಕಾಕಾ ಉಪ್ಪಿನ ಪೊಟ್ಟಣ ಎತ್ತಿಕೊಂಡು ಕಣ್ಣೊರೆಸಿಕೊಂಡರು.

"ಬೇ... ಬೇ... ಬೇಕು ಯವ್ವಾ."