ಸರ್ವಾನುಮತದಿಂದ ಕಂದಿದ ದ್ರಾಕ್ಷಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವರು ಜಾಣರನ್ನು ಒಂದೆಡೆ ಕೂಡಿಸಿ, ಅವರ ಒಟ್ಟು ಬುದ್ಧಿಯನ್ನು ಒಬ್ಬ ದಡ್ಡನ ಮಟ್ಟಕ್ಕೆ ಇಳಿಸುವ ವಿದ್ಯೆ ನನಗೆ ಸಿದ್ಧಿಸಿದೆ. ಆ ದಡ್ಡ ಯಾರೆಂದು ಮುಂದೆ ತಾನಾಗಿ ತಿಳಿಯುತ್ತದೆ. ಇದಕ್ಕಾಗಿ ನಾನು ಯಾರನ್ನೂ ಬೈಯುವುದಿಲ್ಲ, ಜಗಳ ತೆಗೆಯುವುದಿಲ್ಲ. ಬರೀ ನಗಿಸುತ್ತೇನೆ. ಹುಟ್ಟಿನಿಂದಲೇ ನನಗೆ ಕಂಡವರ ದನಿಯನ್ನು ಅನುಕರಿಸುವ ಚಟ. ತಿಕೋಟಾ ಬಸ್ಸಿನ ಕಂಡಕ್ಟರು, ಗಣಿತದ ಮಾಸ್ತರು, ತವರಿಗೆ ಫೋನು ಮಾಡುವಾಗ ಮಾತ್ರ ಕ್ಷೀಣವಾಗುವ ನನ್ನವ್ವನ ದನಿ, ಯಾವುದನ್ನೂ ಬಿಟ್ಟವನಲ್ಲ. ಒಮ್ಮೆ ಅಪ್ಪನ ದನಿಯಲ್ಲಿ ಫೋನೆತ್ತಿ, ಬಿಜ್ಜರಗಿಯ ದೂರದ ಸಂಬಂಧಿಕರ ಮನೆಯ ನಿಶ್ಚಿತಾರ್ಥಕ್ಕೆ ಖಂಡಿತ ಬರುತ್ತೇನೆಂದು ಒಪ್ಪಿಕೊಂಡಿದ್ದೆ. ಆಡಿದ ಮಾತಿಗೆ ತಪ್ಪಬಾರದೆಂದು, ಆಡದೇ ಇದ್ದ ಅಪ್ಪ ಸುಡುಬಿಸಿಲಲ್ಲಿ ಹೋಗಿ ಉಂಡು ಬಂದರು. ಒಂದೇ ಕೊರಗೆಂದರೆ, ನನ್ನದೇ ದನಿಯನ್ನು ಅನುಕರಿಸಿ ತೋರಿಸಿದರೆ ಮಾತ್ರ ಯಾರಿಗೂ ಗುರುತು ಸಿಗುವುದಿಲ್ಲ. "ಇಂವ ಯಾರೋ ತಾನ ಭಾಳ ಶಾಣ್ಯಾ ಅನ್ಕೊಂಡಾಂವ ಇದ್ದಂಗ ಅದಾನ" ಎನ್ನುತ್ತಾರೆ.

ಇಂಥ ನನ್ನನ್ನು ಈರಣ್ಣಕಾಕಾ ತಮ್ಮ ಒಣದ್ರಾಕ್ಷಿ ಶೆಡ್ಡಿಗೆ ಮೇಲ್ವಿಚಾರಕನನ್ನಾಗಿ ಮಾಡಿದರು. ಅವರು ನಮ್ಮಪ್ಪನ ಚಿಕ್ಕಪ್ಪನ ಮಗ; ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ತೋಟದ ಔಷಧಿಗಳ ಅಂಗಡಿ ಇಟ್ಟವರು. ತಿಕೋಟಾದ ಹೊರಗೆ ಶೆಡ್ಡು ಹಾಕಿದ್ದು ಇದೇ ಬೇಸಿಗೆಯಲ್ಲಿ. ಬಿ.ಕಾಂ. ಮುಗಿಸಿ ಮನೆಯಲ್ಲಿ ಎಲ್ಲರ ದನಿ ತೆಗೆಯುತ್ತ ಕುಳಿತಿದ್ದ ನನ್ನನ್ನು ಎಲ್ಲಿಗಾದರೂ ಕಳಿಸಿದರೆ ಸಾಕೆಂದು ಮನೆಯವರೂ ಕಾಯುತ್ತಿದ್ದರು. ಶೆಡ್ಡಿನಲ್ಲಿ ನನ್ನ ಕೈಕೆಳಗೆ ಮೂವರಿದ್ದರು. ದ್ರಾಕ್ಷಿಕಾಯಿ ಅದ್ದುವ ದ್ರಾವಣ ಹದ ಮಾಡುವ ದಸ್ತಗೀರ್ ಚಾಚಾ, ಬಲೆಯ ಮೇಲೆ ಕಾಯಿ ಹರವುವ ಹೆಣ್ಣುಮಕ್ಕಳ ಮುಂದಾಳು ಮಲ್ಲವ್ವ, ಡಿಪ್ಲೊಮಾ ಓದಿ ಬಂದ ಶಿವು. ಕೈಕೆಳಗೆ ಎನ್ನುವುದು ನನ್ನ ಮಾತು. ಅವರ ಕೈಯೇ ಮೇಲಿತ್ತು, ಬಾಯಿ ಮಾತ್ರ ನನ್ನದು ಮೇಲಿತ್ತು.

ದ್ರಾಕ್ಷಿ ಒಣಗಿಸುವುದೆಂದರೆ ಬಿಸಿಲಿಗೆ ಹಾಕುವುದಲ್ಲ, ಬಿಸಿಲಿನಿಂದ ಕಾಪಾಡುವುದು. ದ್ರಾವಣದಲ್ಲಿ ಅದ್ದಿದ ಗೊಂಚಲನ್ನು ಸಾಲುಸಾಲು ಬಲೆಗಳ ಮೇಲೆ ಹರವಿ, ನೆರಳಿನಲ್ಲಿ ಗಾಳಿಗೆ ಬಿಡಬೇಕು. ಹಾಗೆ ಒಣಗಿದ್ದು ಹಸಿರಾಗಿ ಉಳಿದರೆ ಮರ್ಯಾದೆ; ಬಿಸಿಲು ತಾಕಿದರೆ ಕಂದಿ ಕೆಂಪಾಗುತ್ತದೆ. ಅದಕ್ಕೇ ಶೆಡ್ಡಿನ ಪಡುವಣ ಬದಿಗೆ ದಪ್ಪನೆಯ ಪಡದೆ ಕಟ್ಟಿರುತ್ತಾರೆ. ಹೊನವಾಡದ ಶಾಂತಕ್ಕ ತನ್ನ ತೋಟದ ಅರ್ಧ ಹಣ್ಣನ್ನಷ್ಟೇ ಕಡಿಸಿ ನಮಗೆ ಕೊಟ್ಟಿದ್ದಳು. ಇದು ಚೆನ್ನಾಗಿ ಬಂದರೆ ಉಳಿದರ್ಧ ನಿಮಗೆ, ಇಲ್ಲದಿದ್ದರೆ ಬಬಲೇಶ್ವರದ ಶೆಡ್ಡಿಗೆ ಎಂದು ಮುಖಕ್ಕೇ ಹೇಳಿದ್ದಳು. ಅವಳ ಹಣ್ಣು ಹೋದ ಕಡೆಗೇ ಅವಳ ಓಣಿಯವರ ಹಣ್ಣೂ ಹೋಗುತ್ತದೆಂದು ಕಾಕಾ ನನಗೆ ದಿನಾ ನೆನಪಿಸುತ್ತಿದ್ದರು, ನಾನು ದಿನಾ ಅದನ್ನು ಅವರದೇ ದನಿಯಲ್ಲಿ ಉಳಿದವರಿಗೆ ಹೇಳಿ ನಗಿಸುತ್ತಿದ್ದೆ.

ಬೆಳಗಿನ ಚಹಾ ನಮ್ಮಲ್ಲಿ ಸಭೆಯೂ ಹೌದು. ಒಂದು ದಿನ ನನಗೊಂದು ವಿಚಾರ ಹೊಳೆಯಿತು. ಪಡುವಣ ಪಡದೆ ಎತ್ತಿಬಿಟ್ಟರೆ ಗಾಳಿ ಜೋರಾಗಿ ಆಡುತ್ತದೆ, ಕಾಯಿ ಬೇಗ ಒಣಗುತ್ತದೆ. ನಾನು ಸರ್ವಾಧಿಕಾರಿಯಲ್ಲ, ಎಲ್ಲರ ಅಭಿಪ್ರಾಯ ಕೇಳಿದೆ. ಚಾಚಾ ಮಾತು ಶುರು ಮಾಡುವ ಮೊದಲು ಟವೆಲಿನಿಂದ ಮೂಗು ಒರೆಸಿಕೊಂಡು "ನೋಡಪಾ, ಏನಂದ್ರ" ಎನ್ನುತ್ತಾರೆ. ಅಂದೂ ಅಂದರು. ಅದರ ಮುಂದಿನದನ್ನು ನಾನೇ ಅವರ ದನಿಯಲ್ಲಿ ಎಳೆದೆಳೆದು "ಏನಂದ್ರ, ಏನೂ ಇಲ್ಲಪಾ" ಎಂದು ಮುಗಿಸಿದೆ. ಹರವಲು ಬಂದ ಹೆಣ್ಣುಮಕ್ಕಳೆಲ್ಲ ನಕ್ಕರು. ಚಾಚಾನೂ ನಕ್ಕು ಚಹಾದ ಬಸಿಗೆ ಬಾಯಿ ಹಚ್ಚಿದರು. ಮಲ್ಲವ್ವ ಯಾವಾಗಲೂ "ನಾ ಏನ ಶಾಣ್ಯಾಕಿ ಅಲ್ಲ, ಖರೆ" ಎಂದೇ ಪೀಠಿಕೆ ಹಾಕುವವಳು. ಆ 'ಖರೆ'ಯನ್ನು ಗಾಳಿಯಲ್ಲೇ ಹಿಡಿದು, "ಖರೆ ನೀವೆಲ್ಲಾರೂ ಹುಚ್ಚರದೀರಿ" ಎಂದು ಅವಳ ದನಿಯಲ್ಲಿ ನಾನು ಪೂರೈಸಿದೆ. ಮತ್ತೆ ನಗೆ. ಇಬ್ಬರು ಹಿರಿಯರ ಗತಿ ನೋಡಿದ ಶಿವು ಬಾಯಿಯನ್ನು ಬಿಸ್ಕೀಟಿಗಷ್ಟೇ ತೆರೆದ. ಹೀಗೆ ಸರ್ವಾನುಮತದಿಂದ ಪಡದೆ ಮೇಲೇರಿತು. ಎಂಥ ಒಗ್ಗಟ್ಟಿನ ತಂಡವಪ್ಪಾ ನಮ್ಮದು ಎಂದು ನಾನು ಬಸ್ಸಿನಲ್ಲಿ ಮನೆಗೆ ಬರುವಾಗ ಹೆಮ್ಮೆಪಟ್ಟುಕೊಂಡೆ.

ಕೆಲವು ದಿನ ಕಳೆದು ಕಾಕಾ ಬಂದರು. ಇಳಿಹೊತ್ತಿನ ಬಿಸಿಲು ಪಡುವಣ ಸಾಲಿನ ಮೇಲೆ ಹಾಯಾಗಿ ಮಲಗಿತ್ತು. ಅಂಚಿನ ಕಾಯಿಗಳು ಕಂದಿ ಇಟ್ಟಂಗಿ ಬಣ್ಣಕ್ಕೆ ತಿರುಗಿದ್ದವು. ಕಾಕಾ ಒಂದು ಮುಷ್ಟಿ ತೆಗೆದು ಅಂಗೈಯಲ್ಲಿ ಹೊರಳಿಸಿ ನೋಡಿದರು. ಮೊದಲು ತಾವೇ ಹೋಗಿ ಪಡದೆ ಇಳಿಸಿದರು, ಆಮೇಲೆ ಒಬ್ಬೊಬ್ಬರನ್ನೇ ವಿಚಾರಿಸಿದರು. ಬಿಸಿಲು ಬೀಳುತ್ತದೆಂದು ಚಾಚಾನಿಗೆ ಗೊತ್ತಿತ್ತಂತೆ. ಮಲ್ಲವ್ವನಿಗೆ ಪಡದೆ ಎತ್ತಿದ ದಿನವೇ ಗೊತ್ತಿತ್ತಂತೆ. ಶಿವುಗೂ ಅನುಮಾನವಿತ್ತು, ಆದರೆ ಹಿರಿಯರಿಬ್ಬರೂ ನಗುತ್ತಿದ್ದರಿಂದ ತನ್ನ ಅನುಮಾನವೇ ತಪ್ಪಿರಬೇಕು ಎಂದುಕೊಂಡನಂತೆ. ಕಾಕಾ ನನ್ನ ಕಡೆ ತಿರುಗಿ ತಣ್ಣಗೆ ಹೇಳಿದರು: "ಮೂರು ಮಂದಿಗೆ ಗೊತ್ತಿತ್ತು, ಒಬ್ಬಂವಗ ಗೊತ್ತಿರಲಿಲ್ಲ. ಆ ಒಬ್ಬನ ಮಾತ ನಡದೈತಿ ಇಲ್ಲಿ. ನಾಳೆ ಬಬಲೇಶ್ವರಕ್ಕ ಹೋಗಿ, ಅಲ್ಲಿ ಹೆಂಗ ಮಾಡ್ತಾರ ನೋಡ್ಕೊಂಡ ಬಾ."

ಬಬಲೇಶ್ವರದ ಶೆಡ್ಡು ಕಾಕಾನ ಹೆಂಡತಿಯ ತಮ್ಮನದು. ಅಲ್ಲಿ ಮಹಾಮೇಧಾವಿಗಳ ಪಡೆಯೇ ಇರಬೇಕೆಂದು ಎಣಿಸಿ ಹೋದವನಿಗೆ ನಿರಾಶೆಯಾಯಿತು. ಒಬ್ಬ ಚಹಾ ಕುಡಿಯುತ್ತಲೇ ತೂಕಡಿಸುವವನು, ಇನ್ನೊಬ್ಬ ಕೇಳಿದ್ದನ್ನೇ ಕೇಳುವವನು. ನಡುವೆ ಹಸೀನಾಬಿ ಎಂಬ ಹೆಂಗಸು ಚಹಾದ ಕಿಟ್ಲಿ ಹಿಡಿದು, ಪ್ರತಿ ಕಪ್ಪಿಗೂ "ನಿಂದೇನು ಹೇಳು" ಎಂದು ಕೇಳುತ್ತ ಹೋಗುತ್ತಾಳೆ. ಏನೂ ಇಲ್ಲ ಎಂದವನ ಮುಖವನ್ನು ಒಂದು ಕ್ಷಣ ನೋಡಿ, ಏನೋ ಇದೆ ಅನ್ನಿಸಿದರೆ ಕಪ್ಪು ತುಂಬದೆ ಹಾಗೇ ನಿಲ್ಲುತ್ತಾಳೆ. ಒಬ್ಬ ತನ್ನ ಎಮ್ಮೆ ಮೇವು ಬಿಟ್ಟ ಕಥೆಯನ್ನು ನನ್ನ ಚಹಾ ಆರುವಷ್ಟು ಹೊತ್ತು ಹೇಳಿದ. ಯಾರೂ ತಡೆಯಲಿಲ್ಲ. ಅವನು ಎಮ್ಮೆಗೆ ಔಷಧ ತರಲು ಹೋದಾಗ ರಸ್ತೆ ಬದಿಯಲ್ಲಿ ಮಣ್ಣಿನ ಟ್ರ್ಯಾಕ್ಟರುಗಳು ಓಡಾಡಲು ಹತ್ತಿದ್ದನ್ನು ಕಂಡಿದ್ದನಂತೆ, ಅದೂ ಕಥೆಯ ಬಾಲದಲ್ಲಿ ಬಂತು. ಕೂಡಲೇ ತೂಕಡಿಸುತ್ತಿದ್ದವನು ಎದ್ದುಹೋಗಿ ಧೂಳು ಎದ್ದು ಕಾಯಿಯ ಮೇಲೆ ಕೂರದಂತೆ ಶೆಡ್ಡಿನ ಮುಂದಿನ ರಸ್ತೆಗೆ ನೀರು ಹೊಡೆದ. ಅವರ ದ್ರಾಕ್ಷಿ ಗಿಣಿಯಂತೆ ಹಸಿರಾಗಿತ್ತು. ನನಗೋ ಹಸೀನಾಬಿಯ "ನಿಂದೇನು ಹೇಳು" ನಾಲಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಹಲ್ಲು ಕಚ್ಚಿ ತಡೆದುಕೊಂಡೆ.

ಮರುದಿನ ನಾನು ಹೊಸ ಮನುಷ್ಯ. ಇನ್ನು ಯಾರ ದನಿಯನ್ನೂ ತೆಗೆಯುವುದಿಲ್ಲವೆಂದು ಘೋಷಿಸಿದೆ. ಇನ್ನೊಬ್ಬರ ಮಾತನ್ನು ಕೇಳುವುದು ಎಷ್ಟು ಮುಖ್ಯ, ಮುಖ ನೋಡಿ ಮನಸ್ಸು ತಿಳಿಯುವುದು ಹೇಗೆ, ಎಲ್ಲರಿಗೂ ಸರದಿ ಏಕೆ ಸಿಗಬೇಕು ಎಂದು ಚಹಾದ ಹೊತ್ತಿನಲ್ಲಿ ವಿವರಿಸತೊಡಗಿದೆ. ಚಹಾ ಮುಗಿಯಿತು, ವಿವರಣೆ ಮುಗಿಯಲಿಲ್ಲ. ಅಷ್ಟರಲ್ಲಿ ಶಾಂತಕ್ಕ ಒಳಗೆ ಬಂದಳು. ಪಡುವಣ ಸಾಲಿಗೆ ಹೋಗಿ ಕಂದಿದ ಕಾಯಿ ನೋಡಿದಳು. ನೆರಳಿನಲ್ಲಿ ಉಳಿದ ಸಾಲುಗಳಲ್ಲಿ ಚಾಚಾನ ಹದ ನೋಡಿದಳು. ಅದು ಬಬಲೇಶ್ವರದ್ದಕ್ಕೆ ಏನೂ ಕಡಿಮೆ ಇರಲಿಲ್ಲ. ತಿರುಗಿ ಬಂದು "ತಮ್ಮಾ" ಎಂದಳು. ನಾನು ಅವಳ ಮುಖ ನೋಡಿ ಮನಸ್ಸು ತಿಳಿದುಕೊಂಡೆ, ಸಿಟ್ಟು ಬಂದಿದೆ ಎಂದು. ಅವಳು ಬೈಯುವ ಮೊದಲೇ ಪಡದೆಯ ಕಥೆ ಹೇಳಿದೆ. ಅವಳು "ಅಲ್ಲೋ, ನಾ ಬಂದದ್ದು" ಎಂದಳು. ಬಂದದ್ದು ಏಕೆಂದು ನನಗೆ ಗೊತ್ತು ಎಂದು ಸಮಾಧಾನಪಡಿಸಿ, ಬಬಲೇಶ್ವರಕ್ಕೆ ಹೋಗಿ ಕಲಿತದ್ದನ್ನು ಹೇಳಿದೆ. ಅವಳು ಹೊರಗೆ ಕೈ ತೋರಿಸಿದಳು. ಬಿಸಿಲಿನ ಬಗ್ಗೆಯೇ ಇರಬೇಕೆಂದು, ಇನ್ನು ಪಡದೆ ಎತ್ತುವುದಿಲ್ಲವೆಂದು ಮಾತು ಕೊಟ್ಟೆ. ಇವರಿಗೆಲ್ಲ ಗೊತ್ತಿದ್ದೂ ನನಗೆ ಯಾರೂ ಒಂದು ಮಾತು ಹೇಳಲಿಲ್ಲ ನೋಡಿ ಯಕ್ಕಾ, ಎಂದು ಕೊನೆಗೆ ಸ್ವಲ್ಪ ನೋವಿನಿಂದಲೂ ಹೇಳಿದೆ.

ಶಾಂತಕ್ಕ ಸೆರಗಿನಿಂದ ಬೆವರು ಒರೆಸಿಕೊಂಡಳು. "ಅವರು ಹೆಂಗ ಹೇಳ್ತಾರೋ ಯಪ್ಪಾ? ಬಂದಾಗಿಂದ ನಾನ ಬಾಯಿ ತಗ್ಯಾಕತ್ತೇನಿ, ಒಂದು ಮಾತು ಪೂರಾ ಮಾಡಾಕ ಬಿಟ್ಟಿಲ್ಲ ನೀ. ಉಳಿದ ಹಣ್ಣು ಹೇರ್ಕೊಂಡ ಬಂದೀನಿ, ಟೆಂಪೊ ಹೊರಗ ನಿಂತೈತಿ. ಇಲ್ಲೇ ಇಳಸ್ಲೋ, ಬಬಲೇಶ್ವರಕ್ಕ ಒಯ್ಲೋ ಅಂತ ಚಾಚಾನ್ನ ಕೇಳೂದೈತಿ. ನೀ ಸ್ವಲ್ಪ ಬಾಜೂಕ ಸರಿ."