ಪೂಜಾ ಹೇಳಿದ ಮೂರನೇ ಮಾತು

ಎಲ್ಲೋ ದೂರದ ಸಮುದ್ರದಲ್ಲಿ ಎಣ್ಣೆ ಹಡಗುಗಳು ನಿಂತರೆ ಚನ್ನಗಿರಿಯಲ್ಲಿ ರುದ್ರಮುನಿ ಹಲ್ಲುಜ್ಜುವುದು ಯಾಕೆ ನಿಲ್ಲಬೇಕು? ಆದರೂ ನಿಂತಿತು. ಕಾಂಪೌಂಡಿನ ಆಚೆ ಮನೆ ಓನರ್ ಮಲ್ಲೇಶಪ್ಪನವರು ಮೊಬೈಲನ್ನು ಮೂಗಿನಿಂದ ಒಂದು ಮೊಳ ದೂರ ಹಿಡಿದು, ಓಣಿಗೆಲ್ಲ ಕೇಳುವಂತೆ ಸುದ್ದಿ ಓದುತ್ತಿದ್ದರು.

“ರುದ್ರಮುನೀ, ಯುದ್ಧ ಹತ್ತಿಕೊಂಡೈತಂತೆ ಕಣೋ! ಹಡಗೆಲ್ಲ ನಿಂತಾವಂತೆ. ಇವತ್ತು ಶೇರು ಪೇಟೆ ನೆಲ ಕಚ್ಚೋದು ಗ್ಯಾರಂಟಿ. ನಿಂದೂ ಐತಲ್ಲ ಅದ್ರಾಗೆ, ಎರಡು ಲಕ್ಷ?”

ರುದ್ರಮುನಿಯ ಬಾಯಿ ತುಂಬ ನೊರೆ. ಉಗುಳಿದರೆ ಉತ್ತರ ಹೇಳಬೇಕು, ನುಂಗಿದರೆ ಹೊಟ್ಟೆ ಕೆಡುತ್ತದೆ. ಆತ ನುಂಗಿದ.

ಎರಡು ಲಕ್ಷದ ಗುಟ್ಟು ಓನರಿಗೆ ಹೇಗೆ ಗೊತ್ತಾಯಿತು ಅಂತ ಕೇಳಬೇಡಿ. ಇಪ್ಪತ್ತೆರಡು ವರ್ಷ ಒಂದೇ ಬಾಡಿಗೆ ಮನೆಯಲ್ಲಿದ್ದವನ ಹತ್ತಿರ ಗುಟ್ಟು ಉಳಿಯುವುದಿಲ್ಲ. ನೀರಿನ ಮೋಟರು ಎಷ್ಟು ಹೊತ್ತು ಓಡಿತು, ಯಾವ ನೆಂಟರು ಬಂದರು, ಒಗ್ಗರಣೆಗೆ ಬೆಳ್ಳುಳ್ಳಿ ಬಿತ್ತೋ ಇಲ್ಲವೋ, ಎಲ್ಲ ಮಲ್ಲೇಶಪ್ಪನವರಿಗೆ ಗೊತ್ತು. ಈ ಕಾಂಪೌಂಡಿನಿಂದ ಪಾರಾಗಿ, ಮೋಟರಿನ ಸ್ವಿಚ್ಚು ತಮ್ಮ ಕೈಯಲ್ಲೇ ಇರುವ ಒಂದು ಪುಟ್ಟ ಮನೆ ಕಟ್ಟಿಕೊಳ್ಳಬೇಕು ಅನ್ನುವುದೊಂದೇ ರುದ್ರಮುನಿ ಮತ್ತು ಆತನ ಹೆಂಡತಿ ಅನ್ನಪೂರ್ಣಮ್ಮನ ಆಸೆ. ಆತ ಒಂದು ಅನುದಾನಿತ ಹೈಸ್ಕೂಲಿನ ಗುಮಾಸ್ತ, ನಿವೃತ್ತಿಗೆ ಇನ್ನು ಆರು ವರ್ಷ. ಮನೆಗೆಂದು ಕೂಡಿಟ್ಟ ಎರಡು ಲಕ್ಷವನ್ನು ಹೋದ ವರ್ಷ ಐವತ್ತು ಕಂಪನಿಗಳ ಶೇರು ಒಟ್ಟಿಗಿರುವ ಒಂದು ಫಂಡಿಗೆ ಹಾಕಿದ್ದ. ಅನ್ನಪೂರ್ಣಮ್ಮ ಅದನ್ನು ಮಿಕ್ಸ್ಚರ್ ಪೊಟ್ಟಣ ಅನ್ನುತ್ತಿದ್ದಳು.

ಹಾಕಿಸಿದವಳು ಪೂಜಾ. ಅನ್ನಪೂರ್ಣಮ್ಮನ ಅಣ್ಣನ ಮಗಳು, ದಾವಣಗೆರೆಯಲ್ಲಿ ಬ್ಯಾಂಕಿನ ಕೆಲಸ. ಅವತ್ತು ಅತ್ತೆ ಮಾವ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ್ದಳು. “ಮಾವ, ಮೂರೇ ಮಾತು ನೆನಪಿಟ್ಕೊಳ್ರಿ. ಒಂದು, ಐದು ವರ್ಷದೊಳಗೆ ಬೇಕಾಗೋ ದುಡ್ಡು ಇದಕ್ಕೆ ಹಾಕಬಾರ್ದು. ಎರಡು, ದಿನಾ ತೆಗೆದು ನೋಡಬಾರ್ದು.” ಅಷ್ಟರಲ್ಲಿ ಮಂಡಕ್ಕಿ ಮೆಣಸಿನಕಾಯಿ ಬಂತು. ರುದ್ರಮುನಿ ತಟ್ಟೆಯ ಕಡೆ ತಿರುಗಿದ. ಮೂರನೇ ಮಾತನ್ನು ಅನ್ನಪೂರ್ಣಮ್ಮ ಒಬ್ಬಳೇ ಕೇಳಿಸಿಕೊಂಡಳು.

ಮುಖ ಒರೆಸಿಕೊಂಡು ಒಳಗೆ ಬಂದರೆ ಅನ್ನಪೂರ್ಣಮ್ಮ ಪೊರಕೆ ಹಿಡಿದು ಮಂಚದ ಕೆಳಗೆ ಬಗ್ಗಿದ್ದಳು. ಅಲ್ಲಿ ಅವಳ ಮೂರು ಚೀಲ ಅಡಿಕೆ. ಬಸವಾಪಟ್ಟಣದ ತವರಿನವರು ಅವಳ ಪಾಲಿಗೆಂದು ಕೊಟ್ಟದ್ದು. ರೇಟು ಬರಲಿ ಅಂತ ಎರಡು ವರ್ಷದಿಂದ ಇಟ್ಟಿದ್ದಳು. ನಡುವೆ ಬೆಲೆ ಕ್ವಿಂಟಾಲಿಗೆ ಹತ್ತು ಸಾವಿರ ಬಿದ್ದಿತ್ತು, ಆರು ಎದ್ದಿತ್ತು, ಮತ್ತೆ ಬಿದ್ದಿತ್ತು. ರುದ್ರಮುನಿ ಒಂದು ದಿನವೂ ನಿದ್ದೆ ಕೆಡಿಸಿಕೊಳ್ಳದೆ ಅದೇ ಅಡಿಕೆಯ ಮೇಲೆ ಗೊರಕೆ ಹೊಡೆದಿದ್ದ.

“ಯುದ್ಧ ಅಂತೆ ಕಣೇ. ನಮ್ಮ ಪೊಟ್ಟಣದ ಕತೆ ಏನಾತೋ!”

“ನೋಡಬಾರ್ದು ಅಂತ ಪೂಜಾ ಹೇಳಿಲ್ವಾ? ಸುಮ್ನೆ ಇಸ್ಕೂಲಿಗೆ ಹೋಗ್ರಿ,” ಅಂದಳು. ಆಮೇಲೆ ಪೊರಕೆ ನಿಲ್ಲಿಸಿ, “ಭಾಳ ಬೀಳ್ತೈತಂತಾ?” ಅಂತ ಕೇಳಿದಳು.

“ಭಾಳ ಅಂತೆ.”

“ಹೌದಾ,” ಅಂದು ಮತ್ತೆ ಮಂಚದ ಕೆಳಗೆ ಬಗ್ಗಿದಳು.

ಸ್ಕೂಲಿನ ಆಫೀಸಿನಲ್ಲಿ ಕೂತ ರುದ್ರಮುನಿ ಹತ್ತೂವರೆಯವರೆಗೆ ತಡೆದುಕೊಂಡ. ಒಂದೇ ಒಂದು ಸಲ ನೋಡಿ ಇಟ್ಟುಬಿಡುತ್ತೇನೆ ಅಂತ ಫೋನು ತೆಗೆದ. ಎರಡು ಲಕ್ಷ ಆರು ಸಾವಿರ ಅಂತಿತ್ತು. ಅರೆ, ಹಾಕಿದ್ದಕ್ಕಿಂತ ಆರು ಸಾವಿರ ಜಾಸ್ತಿಯೇ ಇದೆ! ಖುಷಿಪಡಬೇಕಾದ ಮನುಷ್ಯ. ಆದರೆ ಅದರ ಪಕ್ಕದಲ್ಲೇ ಕೆಂಪಕ್ಷರದಲ್ಲಿ, ನಿನ್ನೆ ಎರಡು ಲಕ್ಷ ಹದಿನೆಂಟು ಸಾವಿರ ಇತ್ತು ಅಂತ ಕಂಡಿತು. ತನ್ನ ಹತ್ತಿರ ಇತ್ತು ಅಂತಲೇ ಗೊತ್ತಿಲ್ಲದ ಹನ್ನೆರಡು ಸಾವಿರ ರೂಪಾಯಿ ಕಳೆದುಕೊಂಡ ದುಃಖ ಎದೆಗೆ ಬಂದು ಕೂತಿತು.

ಕಣ್ಣೆದುರಿಗೇ ಅಂಕಿ ಇಳಿಯುತ್ತಿತ್ತು. ಐದು ಸಾವಿರ, ನಾಲ್ಕೂವರೆ, ನಾಲ್ಕು. ರುದ್ರಮುನಿ ಪೂಜಾಗೆ ಫೋನು ಹಚ್ಚಿದ. ಅವಳು ಇನ್ನೊಂದು ಕರೆಯಲ್ಲಿದ್ದಳು. ಐದು ನಿಮಿಷ ಬಿಟ್ಟು ಹಚ್ಚಿದ, ಆಗಲೂ ಇನ್ನೊಂದು ಕರೆ. ಇದೇ ಗಡಿಬಿಡಿಯಲ್ಲಿ ಬಿಸಿಯೂಟಕ್ಕೆ ಎಷ್ಟು ಮಕ್ಕಳು ಅಂತ ಚೀಟಿ ಬರೆದು ಅಡುಗೆಮನೆಗೆ ಕಳಿಸಿದ. ಹತ್ತು ನಿಮಿಷಕ್ಕೆ ಅಡುಗೆಯ ಅಜ್ಜಮ್ಮ ಸೌಟು ಹಿಡಿದೇ ಬಂದಳು.

“ಸಾರ್, ಇದೇನ್ರೀ ಇದು? ಎರಡು ಲಕ್ಷ ಮೂರು ಸಾವಿರದ ನಾನೂರ ಎಂಬತ್ತು ಮಕ್ಳು ಅಂತ ಬರ್ದೀರಿ! ಹೊನ್ನಾಳಿ, ನ್ಯಾಮತಿ, ಜಗಳೂರು ಮಕ್ಳೆಲ್ಲ ಇಲ್ಲಿಗೇ ಉಣ್ಣಾಕೆ ಬಂದಾವಾ? ಇರೋದೊಂದೇ ಹಂಡೆ ನಂತಾವ!”

ಬಾಗಿಲಲ್ಲಿ ನಿಂತಿದ್ದ ಪಿ.ಟಿ. ಮೇಷ್ಟ್ರು ಮಾಲತೇಶ್ ಚೀಟಿ ಇಸಿದುಕೊಂಡು ನೋಡಿದ. ಅಂಕಿ ನೋಡಿದ ಕೂಡಲೇ ಆತನಿಗೆ ರೋಗ ಗೊತ್ತಾಯಿತು. ಶೇರಿನ ವಿಷಯದಲ್ಲಿ ಆತನದು ಘನ ಅನುಭವ, ಅಂದರೆ ಇದ್ದಬದ್ದದ್ದನ್ನೆಲ್ಲ ಕಳೆದುಕೊಂಡಿದ್ದ.

“ಸಾರ್, ಇನ್ನೂ ಹಿಡ್ಕೊಂಡು ಕೂತೀರಾ? ಮಾರಿ ಬಿಸಾಕ್ರಿ! ಮೊದ್ಲು ಓಡ್ದೋನೇ ಗೆಲ್ಲೋದು.”

“ಪೂಜಾನ್ನ ಒಂದ್ ಮಾತು ಕೇಳಬೇಕಿತ್ತು…”

“ಕೇಳ್ಕೊಂಡು ಕೂತ್ರೆ ಆತು, ಸಂಜೀಕೆ ಒಂದು ಲಕ್ಷಾನೂ ಉಳಿಯಲ್ಲ. ನಿಮ್ಮ ಮನೆ ಕನಸು ಹೋದಂಗೇ ಲೆಕ್ಕ.”

ಮನೆ ಅಂದ ಕೂಡಲೇ ರುದ್ರಮುನಿಯ ಕಣ್ಣೆದುರಿಗೆ ಮಲ್ಲೇಶಪ್ಪನವರು ಬಂದು ನಿಂತರು. ಇನ್ನೂ ಇಪ್ಪತ್ತೆರಡು ವರ್ಷ ಆ ಮುಖ, ಆ ಮೋಟರು! ಮಾರೋಣ ಅಂತ ಗುಪ್ತಸಂಖ್ಯೆ ಒತ್ತಿದರೆ ತಪ್ಪು ಅಂದಿತು. ಹೆಂಡತಿಯ ಹುಟ್ಟಿದ ದಿನ ಇರಬಹುದು ಅಂತ ಒತ್ತಿದ, ಅದೂ ತಪ್ಪು. ಹುಟ್ಟಿದ ದಿನವೇ ತಪ್ಪೋ, ಸಂಖ್ಯೆ ತಪ್ಪೋ ಅನ್ನುವುದು ಬೇರೆ ಮಾತು. ಮೂರನೇ ಸಲಕ್ಕೆ ಖಾತೆಗೆ ಅರ್ಧ ಗಂಟೆ ಬೀಗ ಬಿತ್ತು.

ಅದು ದೇವರೇ ಕೊಟ್ಟ ಅರ್ಧ ಗಂಟೆ. ಸುಮ್ಮನೆ ಕೂತಿದ್ದರೆ ಯೋಚನೆ ಮಾಡಲು ಬೇಕಾದಷ್ಟು ಹೊತ್ತಿತ್ತು. ದುಡ್ಡು ಬೇಕಾಗಿರುವುದು ಇವತ್ತಲ್ಲ, ಆರು ವರ್ಷಕ್ಕೆ. ಇವತ್ತಿನ ಯುದ್ಧ ಆರು ವರ್ಷ ಇದೇ ಸುದ್ದಿಯಾಗಿ ಇರುತ್ತದೆಯೇ? ಐವತ್ತು ಕಂಪನಿಗಳೂ ಇವತ್ತು ಮಧ್ಯಾಹ್ನವೇ ಬಾಗಿಲು ಹಾಕಿಕೊಂಡು ಊರು ಬಿಡುತ್ತವೆಯೇ? ಇಷ್ಟು ಕೇಳಿಕೊಂಡಿದ್ದರೆ ಸಾಕಿತ್ತು. ಆದರೆ ಪಕ್ಕದಲ್ಲಿ ಮಾಲತೇಶ್ ಇದ್ದ, ತನ್ನ ಫೋನಿನಲ್ಲಿ ನಿಮಿಷಕ್ಕೊಂದು ಸಲ ರೇಟು ಓದುತ್ತಿದ್ದ. ಮಂಚದ ಕೆಳಗಿನ ಅಡಿಕೆ ಚೀಲವೂ ಹೀಗೆ ನಿಮಿಷಕ್ಕೊಂದು ಸಲ ತನ್ನ ಬೆಲೆ ಕೂಗಿದ್ದರೆ ಈ ಊರಿನಲ್ಲಿ ಯಾರೂ ಎರಡು ದಿನವೂ ಅಡಿಕೆ ಇಟ್ಟುಕೊಳ್ಳುತ್ತಿರಲಿಲ್ಲ.

ಬೀಗ ತೆಗೆಯುವ ಹೊತ್ತಿಗೆ ಆಫೀಸಿನಲ್ಲಿ ಸಿಗ್ನಲ್ ಹೋಗಿತ್ತು. ಹಾಗೆ ಹೋದಾಗ ಮೈದಾನದಲ್ಲಿ ಧ್ವಜದ ಕಟ್ಟೆಯ ಮೇಲೆ ಮಾತ್ರ ಸಿಗುತ್ತದೆ. ರುದ್ರಮುನಿ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದ. ಎಂಟನೇ ಕ್ಲಾಸಿನ ಮಕ್ಕಳು ಏನೋ ಕಾರ್ಯಕ್ರಮ ಇರಬೇಕು ಅಂತ ಹೊರಗೆ ಬಂದು ಸಾಲಾಗಿ ನಿಂತರು. ಮೆಸೇಜಿನಲ್ಲಿ ಹೊಸ ಗುಪ್ತಸಂಖ್ಯೆ ಬಂತು. ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ ರುದ್ರಮುನಿ ಗುಂಡಿ ಒತ್ತಿದ. ಇದ್ದಷ್ಟೂ ಮಾರಿಹೋಯಿತು. ಎರಡು ಲಕ್ಷದ ಒಂದು ಸಾವಿರ. ಒಂದು ವರ್ಷ ಕಾದಿದ್ದಕ್ಕೆ ಸಿಕ್ಕಿದ್ದು ಒಂದು ಸಾವಿರ.

“ಬಚಾವಾದ್ರಿ ಸಾರ್!” ಅಂತ ಮಾಲತೇಶ್ ಸೀಟಿ ಊದಿದ. ಮಕ್ಕಳು ಚಪ್ಪಾಳೆ ತಟ್ಟಿದರು.

ಮಾಲತೇಶ್ ಅಲ್ಲಿಗೂ ಬಿಡಲಿಲ್ಲ. “ದುಡ್ಡು ಸುಮ್ನೆ ಇಡಬ್ಯಾಡ್ರಿ. ಹಡಗು ನಿಂತು ಹೊರದೇಶದ ಅಡಿಕೆ ಬರಾಕಾಗ್ದೆ ನಮ್ಮ ಅಡಿಕೆ ಇವತ್ತು ಒಂದೇ ಏಟಿಗೆ ಏರೈತೆ. ಹೋಗಿ ಅಡಿಕೆ ಹಿಡೀರಿ. ಕಣ್ಣಿಗೆ ಕಾಣ್ತೈತೆ, ಕೈಗೆ ಸಿಗ್ತೈತೆ.”

ಹೌದಲ್ಲ ಅನ್ನಿಸಿತು ರುದ್ರಮುನಿಗೆ. ಮನೆಗೆ ಹೋಗಿ ಮಾರಿಬಿಟ್ಟೆ ಅಂದರೆ ಅನ್ನಪೂರ್ಣ ಬೈಯುತ್ತಾಳೆ. ಅಡಿಕೆ ತಂದು ಮುಂದಿಟ್ಟರೆ ಏನಂತಾಳೆ? ಅಡಿಕೆ ಕಂಡರೆ ಅವಳಿಗೆ ಜೀವ. ಅರ್ಧ ದಿನ ರಜೆ ಬರೆದು ಓಂಕಾರ್ ಅವರ ಅಡಿಕೆ ಮಂಡಿಗೆ ಹೋದ.

“ಒಳ್ಳೇ ಹೊತ್ತಿಗೆ ಬಂದ್ರಿ,” ಅಂದರು ಓಂಕಾರ್. “ಬೆಳಗ್ಗೇನೇ ಮೂರು ಚೀಲ ಬಂದೈತೆ, ಬಸವಾಪಟ್ಟಣದ ಮಾಲು. ಯಾರೋ ಮಗು ನೋಡ್ಕೊಂಡಂಗೆ ನೋಡ್ಕೊಂಡಾರೆ. ಎರಡು ವರ್ಷ ಆದ್ರೂ ಒಂದು ಹುಳ ಇಲ್ಲ, ತಂಪಿಲ್ಲ.”

“ಬಸವಾಪಟ್ಟಣದ್ದಾ? ನಮ್ಮ ಮನೆಯೋಳ ತವರು ಅದು!” ರುದ್ರಮುನಿಗೆ ಇದು ಶುಭಶಕುನವಾಗಿ ಕಂಡಿತು. ಒಂದು ಹೋಳು ಬಾಯಿಗೆ ಹಾಕಿಕೊಂಡು, ತಿಳಿದವನಂತೆ ತಲೆ ಆಡಿಸಿದ. ರೇಟು ಬೆಳಗಿನದಕ್ಕಿಂತ ಕ್ವಿಂಟಾಲಿಗೆ ಒಂದೂವರೆ ಸಾವಿರ ಜಾಸ್ತಿ ಅಂದರು, ಒಪ್ಪಿದ. ಶೇರಿನ ದುಡ್ಡು ನಾಳೆ ಬರುತ್ತದೆ ಅಂದಾಗ, “ಬರ್ಲಿ ಬಿಡ್ರಿ, ನೀವೇನು ಊರು ಬಿಟ್ಟು ಹೋಗ್ತೀರಾ?” ಅಂತ ಓಂಕಾರ್ ಚೀಲಗಳನ್ನು ಗೂಡ್ಸ್ ಆಟೋಕ್ಕೆ ಹಾಕಿಸಿಯೇಬಿಟ್ಟರು.

ಆಟೋದ ಕೊಟ್ರೇಶ್ ಮನೆಯ ವಿಳಾಸ ಕೇಳಿ ಒಂದು ಥರ ನಕ್ಕ. “ಗೊತ್ತೈತೆ ಬಿಡ್ರಿ ಸಾರ್. ಆ ಮನೆ ದಾರಿ ಚೆನ್ನಾಗಿ ಗೊತ್ತೈತೆ.” ನನ್ನನ್ನು ಊರಲ್ಲಿ ಎಲ್ಲರೂ ಬಲ್ಲರು ಅಂತ ರುದ್ರಮುನಿ ಹೆಮ್ಮೆಯಿಂದ ಮುಂದಿನ ಸೀಟಿನಲ್ಲಿ ಕೂತ.

ಮನೆ ಮುಂದೆ ಆಟೋ ನಿಂತಾಗ ಅನ್ನಪೂರ್ಣಮ್ಮ ನಗುನಗುತ್ತಾ ಹೊರಗೆ ಬಂದಳು. ಚೀಲ ನೋಡಿದ ಕೂಡಲೇ ನಗು ನಿಂತಿತು.

“ಕೊಟ್ರೇಶಿ, ಯಾಕಪ್ಪಾ ವಾಪಸ್ ತಂದೆ? ಬ್ಯಾಡ ಅಂದ್ರಾ?”

“ಇಲ್ಲಕ್ಕಾ, ಸಾರ್ ಕೊಂಡ್ಕೊಂಡು ಬಂದ್ರು.”

ಅನ್ನಪೂರ್ಣಮ್ಮ ಮೊದಲನೇ ಚೀಲವನ್ನು ತಿರುಗಿಸಿದಳು. ಅದರ ಮೂಲೆಯಲ್ಲಿ ನೀಲಿ ಬಟ್ಟೆಯ ತೇಪೆ. ರುದ್ರಮುನಿಯ ಹಳೇ ಅಂಗಿಯದೇ ಬಟ್ಟೆ. ಎರಡು ವರ್ಷ ಅದರ ಮೇಲೆ ಮಲಗಿದ ಮನುಷ್ಯ ಒಂದು ಸಲವೂ ಬಗ್ಗಿ ನೋಡಿರಲಿಲ್ಲ.

“ರೀ, ಇದು ನಮ್ಮ ಅಡಿಕೆ ಕಣ್ರೀ! ಬೆಳಗ್ಗೆ ನಮ್ಮಣ್ಣನ ಕೈಲಿ ಮಂಡಿಗೆ ಕಳ್ಸಿದ್ದೆ.”

“ನೀನ್ಯಾಕೆ ಮಾರಿದೆ?” ರುದ್ರಮುನಿಯ ದನಿ ಸಣ್ಣಗಾಗಿತ್ತು.

“ಅಡಿಕೆ ಏರಿತ್ತು, ಪೊಟ್ಟಣ ಇಳಿದಿತ್ತು. ಬೆಳಗ್ಗೆಯಿಂದ ಪೂಜಾ ಜೊತೆ ಫೋನಲ್ಲೇ ಇದ್ದೆ. ಅವತ್ತೇ ನನ್ನ ಹೆಸರಲ್ಲೂ ಒಂದು ಖಾತೆ ತೆಗೆದಿದ್ಲಲ್ಲ, ಅದ್ರಾಗೆ ಅಡಿಕೆ ದುಡ್ಡು ಹಾಕಿ ಹನ್ನೆರಡೂವರೆಗೆ ಪೊಟ್ಟಣ ತಗಂಡೆ. ನೀವು ಯಾವ ದುಡ್ಡಲ್ಲಿ ಅಡಿಕೆ ತಂದ್ರಿ?”

ರುದ್ರಮುನಿ ಮೆಟ್ಟಿಲ ಮೇಲೆ ಕೂತ. ಎಲ್ಲವನ್ನೂ ಹೇಳಿದ, ಧ್ವಜದ ಕಟ್ಟೆಯನ್ನೂ ಬಿಡದೆ. ಅನ್ನಪೂರ್ಣಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ನೀವು ಮಾರಿದ್ದನ್ನೇ ನಾನು ತಗಂಡಿರಬೇಕು ಕಣ್ರೀ. ನಾನು ಮಾರಿದ್ದು ನೀವು ತಗಂಡ್ರಿ. ಓಂಕಾರ್ ಕಮಿಷನ್ನು, ಅವ್ರು ಏರಿಸಿದ ರೇಟು, ಎರಡು ಸಲ ಆಟೋ ಬಾಡಿಗೆ, ಇಷ್ಟೇ ಈ ಮನೆಯಿಂದ ಹೋಗಿದ್ದು.”

ಆತನಿಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಜೊತೆಗೆ, ಇಷ್ಟು ವರ್ಷ ಜೊತೆಗಿದ್ದವಳ ಬುದ್ಧಿ ಇವತ್ತು ಹೊಸದಾಗಿ ಕಂಡಂತಾಗಿ ಒಂಥರಾ ಹೆಮ್ಮೆಯೂ ಆಯಿತು. ಕೊನೆಗೆ ಕೇಳಿದ, “ಆ ಪೂಜಾ ಹೇಳಿದ ಮೂರನೇ ಮಾತು ಏನೇ?”

“ಬಿದ್ದಾಗ ಮಾರಬಾರ್ದು. ಕೈಲಿ ದುಡ್ಡಿದ್ರೆ ಇನ್ನಷ್ಟು ತಗೋಬೇಕು. ನೀವು ಮೆಣಸಿನಕಾಯಿ ತಿಂತಿದ್ರಿ.” ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು. “ಇವತ್ತಿಂದ ಪೊಟ್ಟಣ ನಂದು, ಅಡಿಕೆ ನಿಮ್ದು. ಒಳಗೆ ಹಾಕಿಸ್ರಿ.”

ಚೀಲಗಳು ಮತ್ತೆ ಮಂಚದ ಕೆಳಗೆ ಸೇರಿದವು. ಸಂಜೆ ಟೀ ಕುಡಿಯುತ್ತಾ ಕೂತಾಗ ಕಾಂಪೌಂಡಿನ ಆಚೆಯಿಂದ ಮಲ್ಲೇಶಪ್ಪನವರ ದನಿ ಬಂತು.

“ರುದ್ರಮುನೀ, ಯುದ್ಧ ನಿಲ್ಲುಸ್ತಾರಂತೆ ಕಣೋ! ಹಡಗು ಹೊರಡ್ತಾವಂತೆ. ನಾಳೆ ಶೇರು ಪೇಟೆ ಮೇಲೆ ಹೋಗ್ತೈತೆ, ಅಡಿಕೆ ನೆಲ ಕಚ್ಚೋದು ಗ್ಯಾರಂಟಿ. ನಿಂದೂ ಐತಲ್ಲ, ಮೂರು ಚೀಲ?”

ರುದ್ರಮುನಿಯ ಕೈ ತಾನಾಗಿಯೇ ಓಂಕಾರ್ ನಂಬರಿನ ಕಡೆ ಹೋಯಿತು. ಅನ್ನಪೂರ್ಣಮ್ಮ ಕೆಮ್ಮಿದಳು. ಕೈ ಹಿಂದಕ್ಕೆ ಬಂತು.

“ನಿನ್ನ ಪೊಟ್ಟಣ ಎಷ್ಟಾತೋ, ನೋಡಲ್ವಾ?” ಅಂತ ಕೇಳಿದ.

“ನೋಡಬಾರ್ದು ಅಂತ ಪೂಜಾ ಹೇಳ್ಯಾಳೆ,” ಅಂದು ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು.

ರುದ್ರಮುನಿ ರೂಮಿಗೆ ಹೋಗಿ, ಬಗ್ಗಿ ಮಂಚದ ಕೆಳಗೆ ನೋಡಿದ. ಚೀಲಗಳು ಇದ್ದಲ್ಲೇ ಇದ್ದವು. ಬಂದು ಕೂತ. ಐದು ನಿಮಿಷ ಬಿಟ್ಟು ಎದ್ದು ಹೋಗಿ ಮತ್ತೆ ನೋಡಿದ.