ಗುಡ್ಡ ಹುಡುಕುವ ನಿರ್ಮಾಪಕ

ನಮ್ಮ ಸೋದರಮಾವ ಸಿನಿಮಾ ನಿರ್ಮಾಪಕ. ಇದುವರೆಗೆ ಒಂದೂ ಸಿನಿಮಾ ತೆಗೆದಿಲ್ಲ ಎಂಬುದನ್ನು ಬಿಟ್ಟರೆ ಅವನ ನಿರ್ಮಾಪಕತನದಲ್ಲಿ ಯಾವ ಕೊರತೆಯೂ ಇಲ್ಲ. ಮಾನ್ವಿಯಲ್ಲಿ ಅವನದೊಂದು ಶಾಮಿಯಾನದ ಅಂಗಡಿ. ಅದನ್ನು ಮಗನಿಗೆ ಒಪ್ಪಿಸಿದ ಮರುದಿನವೇ ಬೋರ್ಡಿನ ಕೆಳಗೆ ತನ್ನ ಹೆಸರು, ಹೆಸರಿನ ಮುಂದೆ ‘ಚಲನಚಿತ್ರ ನಿರ್ಮಾಪಕರು’ ಎಂದು ಬರೆಸಿದ. ಅದನ್ನು ಓದಿದವರು ಮದುವೆಯ ವಿಡಿಯೋ ಕೂಡ ಇವರೇ ತೆಗೆಯುತ್ತಾರೆಂದು ತಿಳಿದು ಈಗಲೂ ವಿಚಾರಿಸುತ್ತಾರೆ.

ಅವನ ಸಿನಿಮಾಕ್ಕೆ ಬೇಕಾದದ್ದು ಒಂದೇ ಒಂದು ಗುಡ್ಡ. ಅಲ್ಲಿ ಮನುಷ್ಯರು ಇರಬಾರದು, ಕರೆಂಟಿನ ತಂತಿ ಕಾಣಬಾರದು, ರಸ್ತೆ ಇರಲೇಬಾರದು. ನಾನು ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನನ್ನ ಹತ್ತಿರ ಕಾರಿದೆ, ಭಾನುವಾರ ರಜೆಯಿದೆ. ಇಷ್ಟು ಅರ್ಹತೆಯ ಮೇಲೆ ಮಾವ ನನ್ನನ್ನು ಲೊಕೇಶನ್ ಮ್ಯಾನೇಜರ್ ಮಾಡಿಕೊಂಡ.

ಮೊದಲು ದೇವದುರ್ಗದ ಹತ್ತಿರ ಒಂದು ಗುಡ್ಡ ಹತ್ತಿದೆವು. ಮಾವ ಅಂಗಡಿಯ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಲೆಯ ಮೇಲೆ ಹೊತ್ತಿದ್ದ. ನಿರ್ಮಾಪಕ ಬಂಡೆಯ ಮೇಲೆ ಕೂತರೆ ಚೆನ್ನಾಗಿ ಕಾಣುವುದಿಲ್ಲವಂತೆ. ಒಂದು ತಾಸು ಏದುಸಿರು ಬಿಟ್ಟು ತುದಿ ಮುಟ್ಟಿದರೆ, ಅಲ್ಲೊಬ್ಬ ಕುರುಬ ಬಂಡೆಯ ನೆರಳಲ್ಲಿ ಮಲಗಿ ಮೊಬೈಲು ನೋಡುತ್ತಿದ್ದ.

“ಏನು ಹುಡುಕಾಕತ್ತೀರ್ರಿ?” ಎಂದ, ಕುರ್ಚಿಯನ್ನು ನೋಡುತ್ತ.

“ಯಾರೂ ಇರಲಾರದ ಜಾಗ,” ಎಂದ ಮಾವ.

ಕುರುಬ ಸ್ವಲ್ಪ ಯೋಚಿಸಿದ. “ನೀವು ಬರೋತನಕ ಇದು ಹಂಗೇ ಇತ್ರಿ.”

ಮಾವ ಡೈರಿ ತೆಗೆದು ಬರೆದ: ‘ಜನಸಂದಣಿ ಜಾಸ್ತಿ.’

ಇನ್ನೊಂದು ಭಾನುವಾರ ಸಿರವಾರದ ಕಡೆ ಹೋದೆವು. ಗುಡ್ಡದ ಬುಡದಲ್ಲಿ ನಿಂತು ಮಾವ ಎರಡೂ ಕೈಯ ಬೆರಳು ಜೋಡಿಸಿ ಚೌಕಟ್ಟು ಮಾಡಿಕೊಂಡು ನೋಡತೊಡಗಿದ. ಐದು ನಿಮಿಷದಲ್ಲಿ ಅರ್ಧ ಊರು ನೆರೆಯಿತು. ಮೊಬೈಲ್ ಟವರಿನ ಸರ್ವೆ ಎಂದು ಯಾರೋ ಹೇಳಿದ್ದರು. ಒಬ್ಬ ಅಜ್ಜಿ ಮುಂದೆ ಬಂದಳು.

“ಯಪ್ಪಾ, ಟವರ್ ನಮ್ಮ ಓಣಿ ಕಡಿ ಮುಖ ಮಾಡಿ ಹಾಕು. ಮಗಳ ಮಾತು ಅರ್ಧಕ್ಕ ಕಟ್ ಆಗ್ತದ.”

“ಯವ್ವಾ, ನಾ ಟವರ್‌ನಾಂವ ಅಲ್ಲ. ಸಿನಿಮಾದಾಂವ.”

“ಇರಲಿ ತಗೋ. ಟವರ್ ಇದ್ರ ಅಲ್ಲೇನು ಮೊಬೈಲಿನಾಗ ಸಿನಿಮಾ ಕಾಣೋದು?”

ಮಾವ ಬೆರಳಿನ ಚೌಕಟ್ಟು ಬಿಚ್ಚಿದ. ಡೈರಿಯಲ್ಲಿ ಬರೆದ: ‘ಸಿಗ್ನಲ್ ಇಲ್ಲ. ನಮಗೆ ಬಹಳ ಒಳ್ಳೆಯದು. ಅವರಿಗೆ ಕಷ್ಟ.’

ಕೊನೆಗೆ ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆ ಬೇಸರಪಟ್ಟುಕೊಂಡು ಒಬ್ಬನೇ ರೈಲು ಹತ್ತಿ ಹಿಮಾಚಲಕ್ಕೆ ಹೋದ. ತಲುಪಿದ ಮರುದಿನವೇ ಫೋನು ಬಂತು.

“ಹೆಂಗದ ಮಾಮಾ?”

“ಭಾಳ ದೊಡ್ಡವು ಅದಾವವ್ವಾ. ಒಂದೂ ಫ್ರೇಮಿನಾಗ ಕುಂದ್ರಂಗಿಲ್ಲ.”

“ಸ್ವಲ್ಪ ಹಿಂದ ಸರದು ನೋಡು.”

“ಹಿಂದ ಇನ್ನೊಂದು ಗುಡ್ಡ ಅದ.”

ಹಿಮಾಲಯವನ್ನು ಹೀಗೆ ತಿರಸ್ಕರಿಸಿ, ಒಂದು ಪೆಟ್ಟಿಗೆ ಸೇಬು ಮತ್ತು ಹದಿನೈದು ದಿನ ಬಿಡದ ಕೆಮ್ಮಿನೊಂದಿಗೆ ವಾಪಸು ಬಂದ.

ಹೋದ ಚಳಿಗಾಲದಲ್ಲಿ ಅರಕೇರಾದ ಹತ್ತಿರ ಒಂದು ಗುಡ್ಡಕ್ಕೆ ಹೋದೆವು. ದೊಡ್ಡದೇನಲ್ಲ. ಅರ್ಧ ಎತ್ತರದಲ್ಲಿ ಒಂದು ಬಂಡೆ ಮುಂದಕ್ಕೆ ಚಾಚಿಕೊಂಡು ಅದರ ಕೆಳಗೆ ನೆರಳಿತ್ತು. ಮಾವ ಡೈರಿ ತೆಗೆಯಲಿಲ್ಲ. ಸುಮ್ಮನೆ ಆ ಬಂಡೆಯ ಸುತ್ತ ಎರಡು ಸಲ ತಿರುಗಿ, ಅದರ ಮೇಲೆ ಕೈಯಿಟ್ಟು ನಿಂತ. ಇಷ್ಟು ಗುಡ್ಡ ಹತ್ತಿಳಿದರೂ ಒಂದು ಪ್ರಶ್ನೆಯನ್ನು ನಾನು ಕೇಳಿಯೇ ಇರಲಿಲ್ಲ ಎಂದು ಆಗ ಹೊಳೆಯಿತು.

“ಮಾಮಾ, ಸಿನಿಮಾದ ಕತಿ ಏನು?”

“ನಮ್ಮವ್ವಂದು.”

ಅಜ್ಜಿ ಕಲ್ಲು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದಳೆಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. “ಹಂಗಾದ್ರ ಆಕಿ ದುಡದ ಗುಡ್ಡದಾಗೇ ತೆಗಿಬಹುದಲ್ಲ?” ಎಂದೆ.

“ಆ ಗುಡ್ಡ ಈಗಿಲ್ಲವ್ವಾ. ಅವ್ವ, ಆಕಿ ಸಂಗಡದವರು ಕೂಡಿ ಪೂರಾ ಒಡದುಬಿಟ್ರು. ರಸ್ತಿ ಆಗಿ ಹೋತು. ನಾವು ಕಾರಿನಾಗ ಬಂದ್ವಲ್ಲ, ಅಂಥಾ ರಸ್ತಿ.”

ಮುಂದಿನ ಭಾನುವಾರ ನನ್ನ ತಾಯಿಯನ್ನು ಕರೆದುಕೊಂಡು ಹೋದೆವು. ಮಾವನಿಗೆ ಅವಳೊಬ್ಬಳೇ ಅಕ್ಕ. ಅಜ್ಜಿ ಕಲ್ಲು ಒಡೆಯುವಾಗ ಸೀರೆಯ ಜೋಲಿಯಲ್ಲಿ ಮಲಗಿದ ಈ ತಮ್ಮನನ್ನು ತೂಗುತ್ತಿದ್ದವಳು ಅವಳೇ. ಮೊಣಕಾಲು ನೋವಿದ್ದರೂ ನನ್ನ ಹೆಗಲು ಹಿಡಿದು, ನಾಲ್ಕು ಕಡೆ ಕೂತು, ಆ ಬಂಡೆಯವರೆಗೆ ಹತ್ತಿದಳು. ಮಾವ ಎದುರಿಗೆ ಕೈಕಟ್ಟಿ ನಿಂತ.

ನನ್ನವ್ವ ಸುತ್ತಲೂ ನೋಡಿದಳು. “ಇದಲ್ಲ ತಮ್ಮಾ. ಅದು ಇನ್ನಾ ಕರ್ರಗಿತ್ತು.”

“ಹೌದಕ್ಕಾ,” ಎಂದ ಮಾವ. ಅಷ್ಟು ಸಣ್ಣ ದನಿಯನ್ನು ನಾನು ಅವನಲ್ಲಿ ಕೇಳಿರಲಿಲ್ಲ. “ಇನ್ನೊಂದು ನೋಡೂಣು ತಗೋ.”

ಆದರೆ ಅವ್ವ ಇಳಿಯಲು ಏಳಲಿಲ್ಲ. ನೆಲದ ಮೇಲೇ ಕುಂಡೆ ಸರಿಸುತ್ತ ಬಂಡೆಯ ಒಳಗಡೆಗೆ ಹೋಗಿ, ಎದುರಿಗೆ ಬಿದ್ದಿದ್ದ ನೆರಳಿನ ಅಂಚನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನಿಂದ ಒಂದು ಮೊಳ ದೂರದಲ್ಲಿ, ಮಣ್ಣಿನಲ್ಲಿ ಬೆರಳಿಂದ ಗೆರೆ ಎಳೆದಳು.

“ಅಲ್ಲೂ ಬಿಸಿಲು ಇಷ್ಟು ಹತ್ರ ಬಂತಂದ್ರ ಅವ್ವ ಸುತ್ತಿಗಿ ಬಿಟ್ಟು ನಿನಗ ಹಾಲು ಕುಡಸಾಕ ಬರ್ತಿದ್ಲು. ನೀ ಅಳೂದು ಬಿಡ್ತಿದ್ದಿ. ಇಲ್ಲೇ ತೆಗಿ.”

ಅರವತ್ತು ದಾಟಿದ ನಿರ್ಮಾಪಕ ಬಂದು ಅಕ್ಕನ ಪಕ್ಕ ಕಾಲು ಮಡಿಚಿ ಕುಳಿತ. ಬಿಸಿಲು ಆ ಗೆರೆಯನ್ನು ಮುಟ್ಟಲು ಇನ್ನೂ ಸ್ವಲ್ಪ ಹೊತ್ತಿತ್ತು. ಮೂವರೂ ಕಾದೆವು.